ಹಾಡುನಾಟಕದ ನೇರ ಪ್ರಸಾರ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಬಯಲಾಟ ಮತ್ತು ಕಂಪನಿ ನಾಟಕ

ಮಾತಿನಷ್ಟೇ ಹಾಡು ಮತ್ತು ಕುಣಿತಗಳಿಂದಲೂ ಕಥೆ ನಡೆಸುವ ರಂಗಪ್ರಯೋಗವೊಂದನ್ನು, ಅದು ನಡೆಯುತ್ತಿರುವ ಹೊತ್ತಿನಲ್ಲಿಯೇ, ಮುದ್ರಿಸಿ ತಿದ್ದಿ ಜೋಡಿಸುವ ಅವಕಾಶವಿಲ್ಲದೆ, ಟಿ.ವಿ. ನೋಡುಗರ ಮುಂದಿಡುವುದನ್ನು ಹಾಡುನಾಟಕದ ನೇರ ಪ್ರಸಾರವೆಂದು ಕರೆಯಬಹುದು. ಹಾಡು ಕಚೇರಿಯ ಪ್ರಸಾರದಲ್ಲಿ ಗಾಯಕರು ಒಂದೆಡೆ ಕುಳಿತಿರುತ್ತಾರೆ. ಮಾತಿನ ನಾಟಕದಲ್ಲಿ ಶ್ರುತಿ ತಾಳಗಳ ಕಟ್ಟು ಇರುವುದಿಲ್ಲ. ಹಾಡುನಾಟಕದಲ್ಲಿ ಮಾತ್ರ ಪಾತ್ರಧಾರಿ ಓಡಾಡುತ್ತ, ಕುಣಿಯುತ್ತ, ಹಾಡುತ್ತ, ಹಾಡು ಮುಗಿದ ಮರುಗಳಿಗೆಯಲ್ಲಿ ಏದುಸಿರು ತೋರಗೊಡದೆ ಮಾತಿಗಿಳಿಯಬೇಕಾಗುತ್ತದೆ. ಈ ಎಲ್ಲವನ್ನೂ ಕ್ಯಾಮೆರಾ ಮತ್ತು ಮೈಕುಗಳು ಅದೇ ಕ್ಷಣದಲ್ಲಿ ಹಿಡಿದುಕೊಳ್ಳಬೇಕಾಗಿರುವುದರಿಂದ ಈ ಬಗೆಯ ಪ್ರಸಾರವು ರಂಗಕಲೆ ಮತ್ತು ಪ್ರಸಾರ ತಂತ್ರ ಎರಡರ ಶಕ್ತಿಯನ್ನೂ ಏಕಕಾಲಕ್ಕೆ ಒರೆಗೆ ಹಚ್ಚುತ್ತದೆ.

ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ ಮತ್ತು ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿಗಳನ್ನೊಳಗೊಂಡ ಸೀಮೆಯಲ್ಲಿ ಹಾಡುನಾಟಕವೆಂದರೆ ಮುಖ್ಯವಾಗಿ ಎರಡು ಪರಂಪರೆಗಳು ಕಣ್ಣಮುಂದೆ ಬರುತ್ತವೆ. ಮೊದಲನೆಯದು ಬಯಲಾಟ, ವಿದ್ವಾಂಸರು ಇದನ್ನು ದೊಡ್ಡಾಟವೆಂದೂ, ಕರಾವಳಿಯ ಯಕ್ಷಗಾನದಿಂದ ಬೇರ್ಪಡಿಸಿ ಮೂಡಲಪಾಯವೆಂದೂ ಹೆಸರಿಸುತ್ತಾರೆ. ಎರಡನೆಯದು ಕಂಪನಿ ನಾಟಕ, ಎಂದರೆ ಟಿಕೆಟು ಮಾರಿ ಊರೂರು ತಿರುಗುವ ವೃತ್ತಿ ಮಂಡಳಿಗಳ ರಂಗಭೂಮಿ. ಅದರ ನಾಟಕಗಳನ್ನು ಹಳ್ಳಿಯ ಹವ್ಯಾಸಿ ತಂಡಗಳೂ ಜಾತ್ರೆ ಉತ್ಸವಗಳಲ್ಲಿ ಆಡುತ್ತ ಬಂದಿವೆ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಈ ಸೀಮೆಯ ಜನ ಮತ್ತೆ ಮತ್ತೆ ಕಟ್ಟಿಸಿ ನೋಡಿದ್ದಾರೆ, ಮತ್ತು ಬಳ್ಳಾರಿಯಲ್ಲಿ ನೆಲೆಸಿ 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರ್ ಅವರ ದ್ರೌಪದಿಯ ಪಾತ್ರವೂ ಅವರ ರಂಗಗೀತೆಗಳೂ ಆ ನಾಟಕದ ನೆನಪಿನೊಡನೆ ಬೆಸೆದುಕೊಂಡಿವೆ. ಈ ಎರಡರ ಜೊತೆಗೆ, ಹೊಸಪೇಟೆಗೆ ಹತ್ತಿರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಂದಾಗಿ ನಾಡಿಗೆಲ್ಲ ಪರಿಚಿತವಾದ ಜೋಗತಿ ನೃತ್ಯ ಮತ್ತು ಯಲ್ಲಮ್ಮನ ಕಥೆಯ ಆಟವನ್ನೂ ಸೇರಿಸಿಕೊಳ್ಳಬೇಕು. ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದು, 2021ರಲ್ಲಿ ಪದ್ಮಶ್ರೀ ಪಡೆದರು.

ಕಂಪ್ಲಿಯ ಕಂಪಿಲರಾಯ ಮತ್ತು ಅವನ ಮಗ ಕುಮಾರರಾಮರ ಕಥೆ ಇಲ್ಲಿ ಊರಿನದೇ ಕಥೆ. ಅವರ ಕೋಟೆ ಕುಮ್ಮಟದುರ್ಗ ತುಂಗಭದ್ರೆಯ ಆಚೆ ದಡದ ಬೆಟ್ಟಗಳಲ್ಲಿದೆ, ಸಂಡೂರಿನ ಬೆಟ್ಟದ ಮೇಲಿನ ರಾಮಗಡಕ್ಕೂ ಕುಮಾರರಾಮನ ಹೆಸರು ಅಂಟಿಕೊಂಡಿದೆ. ಇಂಥ ಕಥೆ ಅಟ್ಟವೇರಿದಾಗ ಎದುರು ಕುಳಿತವರಿಗೆ ಮುಂದಿನ ಸಂಗತಿ ಮೊದಲೇ ತಿಳಿದಿರುತ್ತದೆ. ಅವರು ಕಾಯುವುದು ಕಥೆಗಾಗಿ ಅಲ್ಲ, ಹಾಡಿಗಾಗಿ, ಪಾತ್ರದ ಪ್ರವೇಶಕ್ಕಾಗಿ, ಒಂದು ಮಾತಿನ ಏರಿಳಿತಕ್ಕಾಗಿ. ನೇರ ಪ್ರಸಾರದ ತೊಡಕುಗಳೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತವೆ, ಏಕೆಂದರೆ ಹೀಗೆ ಕಾಯುವ ಜನರೊಡನೆ ಬೆಳೆದ ಆಟದ ಹೊತ್ತು ಗಡಿಯಾರದ ಹೊತ್ತಲ್ಲ.

ಬಯಲಾಟವು ರಾತ್ರಿ ಊಟದ ಹೊತ್ತು ಕಳೆದ ಮೇಲೆ ಗಣಪತಿಯ ಸ್ತುತಿಯೊಂದಿಗೆ ತೊಡಗಿ ಬೆಳಗಿನವರೆಗೆ ನಡೆಯುತ್ತದೆ. ಪ್ರತಿಯೊಂದು ಮುಖ್ಯ ಪಾತ್ರವೂ ಹಿಡಿದ ಪರದೆಯ ಹಿಂದಿನಿಂದ ಕುಣಿಯುತ್ತ ಬಂದು, ಸಾರಥಿಯ ಪ್ರಶ್ನೆಗಳಿಗೆ ಉತ್ತರವಾಗಿ ತನ್ನ ಹೆಸರು ಬಿರುದುಗಳನ್ನು ಹೇಳಿಕೊಳ್ಳುತ್ತದೆ. ಸಾರಥಿಯೆಂದರೆ ಪಾತ್ರಗಳನ್ನು ಮಾತನಾಡಿಸುವ, ಕಥೆಯ ಕೊಂಡಿ ಕೂಡಿಸುವ, ಬೇಕಾದಾಗ ನಗಿಸುವ ನಡೆಸುಗಾರ. ಕಂದ, ವೃತ್ತ, ಭಾಮಿನಿ, ದ್ವಿಪದಿಗಳನ್ನು ಪಾತ್ರಧಾರಿ ಎತ್ತಿಕೊಂಡರೆ ಹಿಮ್ಮೇಳದವರು, ಅಂದರೆ ಹಿಂದೆ ನಿಂತು ಹಾಡುವ ಮತ್ತು ಮದ್ದಲೆ, ತಾಳ, ಹಾರ್ಮೋನಿಯಂ ನುಡಿಸುವ ಮೇಳದವರು, ಸಾಲನ್ನು ಮರಳಿ ಹಾಡಿ ಏರಿಸುತ್ತಾರೆ. ಒಂದು ಸಾಲು ಎಷ್ಟು ಸಲ ಮರಳಬೇಕೆಂಬುದನ್ನು ಬರಹದ ಪ್ರತಿ ಹೇಳುವುದಿಲ್ಲ. ಪಾತ್ರಧಾರಿಯ ಕಾಲು ಮತ್ತು ಮದ್ದಲೆಯವನ ಕೈ ಒಂದನ್ನೊಂದು ನೋಡಿಕೊಂಡು ಅದನ್ನು ತೀರ್ಮಾನಿಸುತ್ತವೆ. ನಡುವೆ ಊರಿನ ಹಿರಿಯರೋ ಬೀಗರೋ ಪಾತ್ರಧಾರಿಗೆ ಆಯೇರಿ ಮಾಡುತ್ತಾರೆ. ಮೆಚ್ಚಿ ಕೊಡುವ ಬಟ್ಟೆ ಅಥವಾ ಹಣದ ಉಡುಗೊರೆಗೆ ಆ ಹೆಸರು. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವಷ್ಟು ಹೊತ್ತು ರಾಜನ ಯುದ್ಧವೂ ನಿಂತಿರುತ್ತದೆ. ಕಂಪನಿ ನಾಟಕದಲ್ಲಿ ಇದೇ ಕೆಲಸವನ್ನು ‘ಒನ್ಸ್ ಮೋರ್’ ಮಾಡುತ್ತದೆ: ಜನ ಕೂಗಿದರೆ ಹಾಡು ಮತ್ತೆ ಪಲ್ಲವಿಗೆ ಬರುತ್ತದೆ, ಸತ್ತು ಬಿದ್ದಿದ್ದ ಪಾತ್ರವೂ ಎದ್ದು ಹಾಡಿದ ಉದಾಹರಣೆಗಳನ್ನು ವೃತ್ತಿ ರಂಗಭೂಮಿಯವರು ಹೇಳುತ್ತ ಬಂದಿದ್ದಾರೆ.

ಟಿ.ವಿ.ಯ ಹೊತ್ತಿನ ಸ್ವಭಾವವೇ ಬೇರೆ. ಪ್ರಸಾರದ ಪಟ್ಟಿಯಲ್ಲಿ ಒಂದು ಗಂಟೆಯೆಂದರೆ ಒಂದೇ ಗಂಟೆ. ಅದರ ಬೆನ್ನಿಗೆ ವಾರ್ತೆಯೋ ಮತ್ತೊಂದು ಕಾರ್ಯಕ್ರಮವೋ ಕಾದಿರುತ್ತದೆ, ಖಾಸಗಿ ವಾಹಿನಿಯಾದರೆ ನಡುನಡುವೆ ಜಾಹೀರಾತಿನ ಬಿಡುವೂ ಬೇಕು. ರಾತ್ರಿಯಿಡೀ ಆಡುವ ಪ್ರಸಂಗವನ್ನು 60 ಅಥವಾ 90 ನಿಮಿಷಕ್ಕೆ ಇಳಿಸುವಾಗ ಮಾತನ್ನು ಕತ್ತರಿಸುವುದು ಸುಲಭ, ಹಾಡನ್ನು ಕತ್ತರಿಸುವುದು ಕಷ್ಟ, ಏಕೆಂದರೆ ಪದದ ಎರಡು ಚರಣ ಬಿಟ್ಟರೆ ಕುಣಿತದ ಬಿಡಿತ ಮುಕ್ತಾಯಗಳೂ ತಪ್ಪುತ್ತವೆ. ಆದ್ದರಿಂದ ಸಾಮಾನ್ಯವಾಗಿ ಮೊದಲು ಬಲಿಯಾಗುವುದು ಸಾರಥಿಯೊಡನೆ ನಡೆಯುವ ಪ್ರವೇಶದ ಮಾತುಕತೆ. ಇದು ಸರಿಯಾದ ಆಯ್ಕೆಯಲ್ಲ. ಪಾತ್ರ ಯಾರೆಂದು ತಿಳಿಯದ ದೂರದ ನೋಡುಗನಿಗೆ ಆ ಪ್ರವೇಶವೇ ಬಾಗಿಲು, ಮತ್ತು ವೇಷ, ಹೆಜ್ಜೆ, ದನಿ ಮೂರೂ ಒಟ್ಟಿಗೆ ಅರಳುವ ಜಾಗವೂ ಅದೇ. ಕಥೆಯ ಒಂದು ಕವಲನ್ನೇ ಬಿಟ್ಟು ಎರಡು ಪ್ರವೇಶಗಳನ್ನು ಪೂರ್ತಿಯಾಗಿ ಉಳಿಸಿಕೊಂಡ ಪ್ರಯೋಗವು, ಇಡೀ ಕಥೆಯನ್ನು ಓಡೋಡಿ ಹೇಳುವ ಪ್ರಯೋಗಕ್ಕಿಂತ ಬಯಲಾಟಕ್ಕೆ ಹೆಚ್ಚು ನಿಷ್ಠವಾಗಿರುತ್ತದೆ.

ಈ ಬಗೆಯ ಪ್ರಸಾರಕ್ಕೆ ಹೆಚ್ಚು ದುಡ್ಡು ಸುರಿದ ಅಮೆರಿಕದ ಅನುಭವವೂ ಹೋಲಿಕೆಗೆ ಒದಗುತ್ತದೆ. ಎನ್‌ಬಿಸಿ ವಾಹಿನಿ 1955ರ ಮಾರ್ಚ್ 7ರಂದು ಮೇರಿ ಮಾರ್ಟಿನ್ ಅಭಿನಯದ ‘ಪೀಟರ್ ಪ್ಯಾನ್’ ಹಾಡುನಾಟಕವನ್ನು ನೇರವಾಗಿ ಬಿತ್ತರಿಸಿತು; 1957ರ ಮಾರ್ಚ್ 31ರಂದು ಸಿಬಿಎಸ್ ವಾಹಿನಿಗಾಗಿಯೇ ರಚಿತವಾದ ‘ಸಿಂಡರೆಲಾ’ವನ್ನು ಜೂಲಿ ಆಂಡ್ರೂಸ್ ನೇರ ಪ್ರಸಾರದಲ್ಲಿ ಹಾಡಿ ಆಡಿದಾಗ ನೋಡಿದವರ ಸಂಖ್ಯೆಯನ್ನು 10 ಕೋಟಿಗೂ ಮೇಲೆಂದು ಅಂದಾಜಿಸಲಾಯಿತು. ಮುಂದೆ ಹಲವು ದಶಕ ಹಿಂದೆ ಸರಿದಿದ್ದ ಈ ರೂಪವು 2013ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ಪ್ರಸಾರದಿಂದ ಮರಳಿ ಬಂದಿತು. ಆ ಪ್ರಯೋಗ ಪ್ರೇಕ್ಷಕರಿಲ್ಲದ ಸ್ಟುಡಿಯೋದಲ್ಲಿ ನಡೆದುದರಿಂದ ಹಾಡು ಮುಗಿದ ಮೇಲೆ ಚಪ್ಪಾಳೆಯ ಜಾಗದಲ್ಲಿ ಮೌನ ಉಳಿಯಿತು. 2016ರ ‘ಗ್ರೀಸ್’ ಪ್ರಸಾರದಲ್ಲಿ ಪ್ರೇಕ್ಷಕರನ್ನು ಆಟದ ನಡುವೆಯೇ ಕೂರಿಸಿ ಆ ಕೊರತೆಯನ್ನು ತುಂಬಿಕೊಂಡರು. 2019ರ ಜನವರಿಯ ‘ರೆಂಟ್’ ಪ್ರಸಾರದ ಹಿಂದಿನ ದಿನ, ಕೊನೆಯ ತಾಲೀಮಿನಲ್ಲಿ ಮುಖ್ಯ ನಟರೊಬ್ಬರ ಪಾದದ ಮೂಳೆ ಮುರಿದು, ನೇರವೆಂದು ಸಾರಲಾಗಿದ್ದ ಕಾರ್ಯಕ್ರಮದ ಬಹುಭಾಗವಾಗಿ ತಾಲೀಮಿನ ಮುದ್ರಿಕೆಯನ್ನೇ ಹಾಕಬೇಕಾಯಿತು. ಬದಲಿ ಪಾತ್ರಧಾರಿಯನ್ನು ಸಿದ್ಧವಾಗಿರಿಸಿಕೊಳ್ಳುವ ಪದ್ಧತಿ ಇಲ್ಲದಿದ್ದರೆ ಎಂಥ ದೊಡ್ಡ ಸಂಸ್ಥೆಯೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಬಯಲಾಟದಲ್ಲಿ ಮೇಳವನ್ನು ಕಲಿಸುವ ಮಾಸ್ತರರಿಗೆ ಎಲ್ಲ ಪಾತ್ರಗಳ ಪದವೂ ಮಾತೂ ಬಾಯಿಪಾಠವಾಗಿರುವುದು ಈ ದೃಷ್ಟಿಯಿಂದ ದೊಡ್ಡ ಆಸ್ತಿ. ಪಾತ್ರಧಾರಿ ಮರೆತ ಸಾಲನ್ನು ಅವರು ಹಿಮ್ಮೇಳದಿಂದಲೇ ಎತ್ತಿಕೊಟ್ಟು ಆಟವನ್ನು ಮುಂದೆ ದಾಟಿಸುತ್ತಾರೆ.

ತಾಂತ್ರಿಕ ಬೇಡಿಕೆಗಳಲ್ಲಿ ದನಿಯದೇ ಎಲ್ಲಕ್ಕಿಂತ ಕಠಿಣವಾದುದು. ಬಯಲಾಟದ ಅಟ್ಟ, ಅಂದರೆ ಹಲಗೆ ಹಾಸಿದ ಎತ್ತರದ ವೇದಿಕೆ, ಸ್ವತಃ ಒಂದು ವಾದ್ಯ: ಗೆಜ್ಜೆಗಾಲಿನ ಒದೆತಕ್ಕೆ ಹಲಗೆ ಗುಡುಗಿದರೇ ವೀರರಸಕ್ಕೆ ಕಳೆ. ಅದೇ ಒದೆತವು ವೇದಿಕೆಯ ಮೇಲಿಟ್ಟ ಮೈಕಿನ ಕಂಬದ ಮೂಲಕ ಏರಿ ಹಾಡನ್ನು ನುಂಗಿಬಿಡುತ್ತದೆ. ಪಾತ್ರಧಾರಿಯ ಮೈಗೆ ನಿಸ್ತಂತು ಮೈಕು ಕಟ್ಟೋಣವೆಂದರೆ ಎದೆಹಲಗೆ, ಭುಜಕೀರ್ತಿ, ಮಣಿಸರಗಳು ಅದಕ್ಕೆ ಉಜ್ಜಿ ಸದ್ದೆಬ್ಬಿಸುತ್ತವೆ. ಗಲ್ಲದ ಬಳಿ ತಂದರೆ ಬೆವರು ಒಳಗಿಳಿಯುತ್ತದೆ. ಕಿರೀಟದ ಮುಂಭಾಗದಲ್ಲಿ, ಹಣೆಯ ಗೆರೆಗೆ ಹೊಂದಿಸಿ ಅಡಗಿಸಿದ ಸಣ್ಣ ಮೈಕು ಇವೆರಡರಿಂದಲೂ ಬಹುಮಟ್ಟಿಗೆ ಪಾರಾಗುತ್ತದೆ. ಹಳೆಯ ಕಂಪನಿ ನಾಟಕದವರಿಗೆ ಈ ವಿಷಯದಲ್ಲಿ ಬೇರೊಂದು ಅಭ್ಯಾಸವಿದೆ: ವೇದಿಕೆಯ ಮೇಲ್ಗಡೆಯಿಂದ ಇಳಿಬಿಟ್ಟ ಮೈಕುಗಳ ಕೆಳಗೆ ಬಂದು ನಿಂತು ಹಾಡುವುದನ್ನು ಅವರು ಚಲನೆಯ ಭಾಗವಾಗಿಯೇ ಕಲಿತಿರುತ್ತಾರೆ. ಕ್ಯಾಮೆರಾಗಳ ಜಾಗವನ್ನು ಗೊತ್ತುಪಡಿಸುವ ಮೊದಲು ಆ ನಿಲುಗಡೆಗಳನ್ನು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಸಂಗತಿ ದನಿಯ ಪ್ರಮಾಣಕ್ಕೆ ಸಂಬಂಧಿಸಿದುದು. ಬಯಲಿನ ಕೊನೆಯ ಸಾಲಿಗೂ ಕೇಳುವಂತೆ ದನಿ ಎಸೆಯುವುದನ್ನು ಕಲಿತ ಪಾತ್ರಧಾರಿ ಮನೆಯೊಳಗಿನ ಟಿ.ವಿ.ಯಲ್ಲಿ ಅಬ್ಬರಿಸಿದಂತೆ ಕೇಳಿಸುತ್ತಾನೆ. ಅವನನ್ನು ತಗ್ಗಿಸಿ ಹಾಡೆಂದು ಹೇಳುವುದು ದೊಡ್ಡ ತಪ್ಪು. ತಗ್ಗಿದ ದನಿಯೊಡನೆ ಮೈಯ ಬಿಗುವೂ ಹೆಜ್ಜೆಯ ಗತ್ತೂ ತಗ್ಗುತ್ತವೆ. ತಗ್ಗಿಸುವ ಹೊಣೆ ದನಿ ಹದಮಾಡುವ ತಂತ್ರಜ್ಞನದು, ಹಾಗೂ ಅವನು ಮೈದಾನದ ಧ್ವನಿವರ್ಧಕಕ್ಕೆ ಒಂದು, ಪ್ರಸಾರಕ್ಕೆ ಇನ್ನೊಂದು ಎಂದು ಎರಡು ಬೇರೆ ಮಿಶ್ರಣಗಳನ್ನು ಕಟ್ಟಿಕೊಳ್ಳಬೇಕು. ಮದ್ದಲೆ ಮತ್ತು ತಾಳದ ಏರುದನಿಯ ನಡುವೆ ಹಾರ್ಮೋನಿಯಂ, ಈ ಭಾಗದವರ ಮಾತಿನಲ್ಲಿ ಪೇಟಿ, ಪಾತ್ರಧಾರಿಯ ಕಿವಿಗೆ ತಲುಪದಿದ್ದರೆ ಶ್ರುತಿ ಜಾರುತ್ತದೆ. ಒಬ್ಬೊಬ್ಬ ಪಾತ್ರಧಾರಿಯ ಶ್ರುತಿಯೂ ಬೇರೆಯಾಗಿರುವುದರಿಂದ, ಪೇಟಿ ಮಾಸ್ತರರು ಪಾತ್ರ ಬದಲಾದಂತೆ ಶ್ರುತಿಯ ಮನೆಯನ್ನು ಬದಲಿಸುತ್ತ ಹೋಗುತ್ತಾರೆ. ಹಾಡು ತಪ್ಪಿದಾಗ ಅದನ್ನು ಮುಚ್ಚಿ ಸರಿದಾರಿಗೆ ತರುವವರೂ ಅವರೇ. ಚೌಡಿಕೆಯಂಥ ತಂತಿವಾದ್ಯದ ಕಥೆ ಇನ್ನೂ ನಾಜೂಕು: ಕಂಕುಳಲ್ಲಿ ಹಿಡಿದು ಮಿಡಿಯುವಾಗ ಅದರ ಏರಿಳಿಯುವ ದನಿ ಜೋಗತಿಯ ಕಂಠದ ಪಕ್ಕದಲ್ಲೇ ಹುಟ್ಟುವುದರಿಂದ ಎರಡಕ್ಕೂ ಒಂದೇ ಮೈಕು ಸಾಲದು, ಎರಡು ಕೊಟ್ಟರೆ ಒಂದರ ದನಿ ಇನ್ನೊಂದರೊಳಗೆ ಹೊಕ್ಕು ಮಬ್ಬಾಗುತ್ತದೆ.

ದನಿಯ ವೇಗದ ಲೆಕ್ಕವನ್ನೂ ಇಲ್ಲಿ ಗಮನಿಸಬೇಕು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 34 ಮೀಟರ್ ದೂರದ ಧ್ವನಿವರ್ಧಕದಿಂದ ಬಂದ ತಾಳವು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಕೇಳುತ್ತದೆ. ಭಾರತದ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಎಂದರೆ ಒಂದೊಂದು ಚಿತ್ರಕ್ಕೆ 40 ಮಿಲಿಸೆಕೆಂಡು. ಆ ತಡ ಎರಡೂವರೆ ಚಿತ್ರಗಳಿಗೆ ಸಮ. ಹೆಜ್ಜೆ ಬಿದ್ದ ಮೇಲೆ ಗೆಜ್ಜೆ ಕೇಳಿದರೆ ಕುಣಿತವೇ ತಾಳ ತಪ್ಪಿದಂತೆ ತೋರುವುದರಿಂದ, ಪ್ರಸಾರದ ದನಿಯನ್ನು ಮೈದಾನದ ಸದ್ದಿನಿಂದ ಎತ್ತಿಕೊಳ್ಳದೆ ವೇದಿಕೆಯ ಮೈಕುಗಳಿಂದಲೇ ಪಡೆಯಬೇಕು. ಇನ್ನು ಸಂಕೇತವು ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಮರಳಲು ಕಾಲು ಸೆಕೆಂಡಿನಷ್ಟು ಹಿಡಿಯುತ್ತದೆ. ಅದಕ್ಕೆ ಸಂಕೇತವನ್ನು ಕುಗ್ಗಿಸಿ ಹಿಗ್ಗಿಸುವ ಹೊತ್ತೂ ಸೇರುತ್ತದೆ. ಮನೆಯವನಿಗೆ ಈ ತಡ ತಿಳಿಯದು. ಆದರೆ ಹೀಗೆ ಮರಳಿ ಬಂದ ದನಿಯನ್ನು ಅಪ್ಪಿತಪ್ಪಿ ಹಿಮ್ಮೇಳದವರ ಕಿವಿಗೆ ಕೊಟ್ಟರೆ ಮದ್ದಲೆಯವನು ತನ್ನದೇ ಹಿಂದಿನ ಪೆಟ್ಟಿಗೆ ಪೆಟ್ಟು ಹೊಂದಿಸಲು ಹೋಗಿ ಲಯ ಕೆಡಿಸಿಕೊಳ್ಳುತ್ತಾನೆ.

ಚಿತ್ರದ ಬೇಡಿಕೆಗಳು ಇಷ್ಟು ಗೋಜಲಿನವಲ್ಲ, ಆದರೂ ತಪ್ಪು ಬೇಗ ಕಣ್ಣಿಗೆ ಬೀಳುವುದು ಅಲ್ಲಿಯೇ. ಹೊರಾಂಗಣ ಪ್ರಸಾರದ ವಾಹನದಲ್ಲಿ, ಬಳಕೆಯ ಮಾತಿನ ಓಬಿ ವ್ಯಾನಿನಲ್ಲಿ, ಹಲವು ಕ್ಯಾಮೆರಾಗಳ ಚಿತ್ರಗಳನ್ನು ನೋಡುತ್ತ ಒಂದರಿಂದ ಇನ್ನೊಂದಕ್ಕೆ ದಾಟಿಸುವ ನಿರ್ದೇಶಕನಿಗೆ ಪದ ಗೊತ್ತಿರಬೇಕು. ಮಾತಿನ ಕಾರ್ಯಕ್ರಮದಲ್ಲಿ ಮಾತನಾಡುವವನ ಮುಖಕ್ಕೆ ದಾಟಿದರೆ ಸಾಕು. ಇಲ್ಲಿ ದಾಟುವಿಕೆ ತಾಳದ ಪೆಟ್ಟಿನ ಮೇಲೆ ಬೀಳಬೇಕು, ಹೆಜ್ಜೆಯ ಮುಕ್ತಾಯದಲ್ಲಿ ಕಾಲು ಕಾಣಬೇಕು, ಹಿಮ್ಮೇಳ ಸಾಲು ಎತ್ತಿಕೊಂಡಾಗ ಅದರ ಕಡೆಗೂ ಒಮ್ಮೆ ತಿರುಗಬೇಕು. ವೀರಪಾತ್ರ ಗಿರಕಿ ಹೊಡೆಯುವಾಗ ಮುಖವನ್ನು ಮಾತ್ರ ಹತ್ತಿರದಿಂದ ತೋರಿಸುವುದು ಕಲಾವಿದನಿಗೆ ಮಾಡುವ ಅನ್ಯಾಯ. ಬಯಲಾಟವು ಇಡೀ ಮೈಯ ಕಲೆ, ಅದಕ್ಕೆ ತಲೆಯಿಂದ ಕಾಲಿನವರೆಗಿನ ಚೌಕಟ್ಟೇ ಸಹಜ, ಹತ್ತಿರದ ನೋಟಗಳು ಕರುಣರಸದ ಪದಗಳಿಗೆ ಮೀಸಲಾಗಿದ್ದರೆ ಒಳಿತು. ಇದನ್ನೆಲ್ಲ ಪ್ರಸಾರದ ದಿನವೇ ಕಂಡುಕೊಳ್ಳಲು ಬರುವುದಿಲ್ಲ. ತಿಂಗಳುಗಟ್ಟಲೆ ರಾತ್ರಿ ಹೊತ್ತು ನಡೆಯುವ ಹಳ್ಳಿಯ ತಾಲೀಮಿನಲ್ಲಿ ನಿರ್ದೇಶಕನೂ ಕೆಲವು ದಿನವಾದರೂ ಕುಳಿತು, ಮಾಸ್ತರರ ಪಕ್ಕದಲ್ಲಿ ತನ್ನದೇ ಪ್ರತಿಯನ್ನು ಗುರುತು ಹಾಕಿಕೊಂಡರೆ ಮಾತ್ರ ಅವನ ಬೆರಳು ತಾಳಕ್ಕೆ ಒಗ್ಗುತ್ತದೆ. ಇನ್ನೂ ಉತ್ತಮವಾದ ಏರ್ಪಾಡೆಂದರೆ, ಮೇಳವನ್ನು ಬಲ್ಲ ಒಬ್ಬರನ್ನು ವ್ಯಾನಿನೊಳಗೇ ಕೂರಿಸಿ ಮುಂದಿನ ಪದವನ್ನು ಹೇಳಿಸುತ್ತ ಹೋಗುವುದು. ಅಟ್ಟದ ಮೇಲೆ ಸಾರಥಿ ಮಾಡುವ ಕೆಲಸವನ್ನೇ ಅವರು ವ್ಯಾನಿನೊಳಗೆ ಮಾಡಿದಂತಾಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಅರದಾಳ, ಇಂಗಳೀಕ, ಸಫೇತಗಳಿಂದ ಗೆರೆ ತೀಡಿದ ಹಳೆಯ ಬಗೆಯ ಮುಖಗಳು ಪೆಟ್ರೋಮ್ಯಾಕ್ಸ್ ಬೆಳಕಿಗೂ ದೂರದ ಕಣ್ಣಿಗೂ ಹೊಂದಿಸಿದವು. ಇಂದಿನ ಕ್ಯಾಮೆರಾ ಅವುಗಳ ಒಂದೊಂದು ಬಿರುಕನ್ನೂ ತೋರಿಸುತ್ತದೆ. ಬಣ್ಣವನ್ನು ತೆಳುಗೊಳಿಸಬಹುದು, ಗೆರೆಗಳ ವಿನ್ಯಾಸವನ್ನು ಬಿಡಬಾರದು. ಕನ್ನಡಿ ಚೂರು ಕೂಡಿಸಿದ ಕಿರೀಟ ಭುಜಕೀರ್ತಿಗಳು ಎದುರು ದೀಪಕ್ಕೆ ಮಿಂಚಿ ಚಿತ್ರವನ್ನು ಬೆಳ್ಳಗಾಗಿಸುವುದರಿಂದ ದೀಪಗಳನ್ನು ಪಕ್ಕಕ್ಕೂ ಮೇಲಕ್ಕೂ ಸರಿಸಬೇಕಾಗುತ್ತದೆ. ಬಳ್ಳಾರಿ ಸೀಮೆಯ ಸೆಕೆಯಲ್ಲಿ ಆ ಭಾರ ಹೊತ್ತು ಕುಣಿಯುವವರಿಗೆ ಹೆಚ್ಚುವರಿ ದೀಪಗಳ ಕಾವು ಸಣ್ಣ ಹೊರೆಯಲ್ಲ.

ಹಂಪಿಯ ನೆಲಕ್ಕೆ ಅದರದೇ ಆದ ಕಟ್ಟುಪಾಡುಗಳಿವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನವರಾತ್ರಿಯ ಕುಣಿತ ಕಾಳಗಗಳನ್ನು ವಿವರಿಸಿದ್ದಾನೆ, ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುಣಿಯುವವರ ಸಾಲುಗಳು ಇಂದಿಗೂ ಇವೆ. 1986ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಈ ಸ್ಥಳದಲ್ಲಿ ಸ್ಮಾರಕಗಳ ಸುತ್ತ ನೆಲ ಅಗೆಯುವುದಕ್ಕೂ ಕಟ್ಟುವುದಕ್ಕೂ ಪುರಾತತ್ವ ಕಾನೂನಿನ ನಿರ್ಬಂಧವಿರುವುದರಿಂದ, ರಾಜಕಾರಣಿ ಎಂ.ಪಿ. ಪ್ರಕಾಶರ ಆಸಕ್ತಿಯಿಂದ ಬೆಳೆದ ಹಂಪಿ ಉತ್ಸವದ ಗಾಯತ್ರಿ ಪೀಠ, ಎದುರು ಬಸವಣ್ಣ ಮೊದಲಾದ ಕಡೆಗಳ ವೇದಿಕೆಗಳೆಲ್ಲ ತಾತ್ಕಾಲಿಕ. ಕೇಬಲ್ಲುಗಳನ್ನು ಹೂಳುವಂತಿಲ್ಲ, ಬಂಡೆಗಳ ನಡುವೆ ಬೀಸುವ ಗಾಳಿಗೆ ಮೈಕುಗಳಿಗೆ ತುಪ್ಪುಳಿನ ಹೊದಿಕೆ ಬೇಕು, ಬಂಡೆಗಳಿಂದ ಮರಳುವ ಪ್ರತಿಧ್ವನಿಯ ಲೆಕ್ಕವೂ ಬೇಕು. ಉತ್ಸವದಲ್ಲಿ ನೂರಾರು ಕಲಾವಿದರು ಆಡುವ ‘ವಿಜಯನಗರ ವೈಭವ’ ಧ್ವನಿ–ಬೆಳಕಿನ ರೂಪಕವು ಮೊದಲೇ ಮುದ್ರಿಸಿದ ಮಾತು ಸಂಗೀತಗಳಿಗೆ ಅಭಿನಯ ಹೊಂದಿಸುವ ಬಗೆಯದು. ವಿಶಾಲ ಬಯಲಿಗೆ ಅದು ಯುಕ್ತವಾದ ಪರಿಹಾರವೇ ಆದರೂ, ಬಯಲಾಟಕ್ಕೆ ಅದೇ ಉಪಾಯ ಹೂಡಿದರೆ ಪಾತ್ರಧಾರಿ ಮದ್ದಲೆಯನ್ನು ನಡೆಸುವ ಬದಲು ಮುದ್ರಿತ ಮದ್ದಲೆಯೇ ಅವನನ್ನು ನಡೆಸುತ್ತದೆ. ಉತ್ಸವದ ಮುಖ್ಯ ವೇದಿಕೆಯ ಇಕ್ಕೆಲಗಳ ದೊಡ್ಡ ಪರದೆಗಳಲ್ಲಿ ಆಗಿಂದಾಗಲೇ ಮೂಡುವ ಚಿತ್ರವೂ ಒಂದರ್ಥದಲ್ಲಿ ನೇರ ಪ್ರಸಾರವೇ. ಅಲ್ಲಿ ಕಲಾವಿದ ಮತ್ತು ಅವನ ಚಿತ್ರ ಎರಡೂ ಒಟ್ಟಿಗೆ ಕಣ್ಣೆದುರಿಗಿರುವುದರಿಂದ ಚಿತ್ರ ತುಸು ತಡವಾದರೂ ನೋಡುಗರು ಕೂಡಲೇ ಗುರುತಿಸುತ್ತಾರೆ.

ಈ ಸೀಮೆಗೆ ನೆರೆಯ ಜಿಲ್ಲೆಗಳು ಟಿ.ವಿ.ಯನ್ನು ಕರ್ನಾಟಕದಲ್ಲಿಯೇ ಮೊದಲು ಕಂಡವು: 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗರು ಸಾಮೂಹಿಕ ಟಿ.ವಿ.ಯ ಮುಂದೆ ಬಯಲಿನಲ್ಲಿಯೇ ಕುಳಿತು ನೋಡಿದರು. ಬೆಂಗಳೂರು ದೂರದರ್ಶನವು 1981ರ ನವೆಂಬರ್ 1ರಂದು ಆರಂಭವಾಯಿತು. ಕೋವಿಡ್ ಕಾಲದಲ್ಲಿ ಕರಾವಳಿಯ ಯಕ್ಷಗಾನ ಮೇಳಗಳು ಯೂಟ್ಯೂಬ್ ನೇರ ಪ್ರಸಾರಕ್ಕೆ ಒಗ್ಗಿಕೊಂಡವು, ಬಯಲಾಟಕ್ಕೂ ಇಂದು ಆ ದಾರಿ ತೆರೆದಿದೆ. ಹೊತ್ತಿನ ಮಿತಿಯಿಲ್ಲದ ಆ ಮಾಧ್ಯಮದಲ್ಲಿ ಒನ್ಸ್ ಮೋರಿಗೂ ಆಯೇರಿಗೂ ಮತ್ತೆ ಜಾಗ ಸಿಗುತ್ತದೆ, ಆದರೆ ಒಂದೇ ಕ್ಯಾಮೆರಾ ಒಂದೇ ಮೈಕಿನ ಪ್ರಸಾರದಲ್ಲಿ ಪದದ ಸಾಹಿತ್ಯವೇ ಕೇಳಿಸದೆ ಹೋಗುವುದು ಹೆಚ್ಚು. ಹಂಪಿಯಲ್ಲಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಅಧ್ಯಯನಕಾರರು, ಬಯಲಾಟದ ಧಾಟಿಯನ್ನು ‘ಜೋಕುಮಾರಸ್ವಾಮಿ’ಯಲ್ಲಿ ಹೊಸ ರಂಗಭೂಮಿಗೆ ತಂದವರು, ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲಿದೆ. ಪದದ ಪ್ರತಿ, ತಾಳದ ಗುರುತು, ಕ್ಯಾಮೆರಾದ ಜಾಗ ಈ ಮೂರನ್ನೂ ಒಟ್ಟಿಗೆ ದಾಖಲಿಸಿದ ಕೈಪಿಡಿ ಇಂಥ ಸಂಸ್ಥೆಗಳಿಂದ ಬರಬೇಕಾದ ಕೆಲಸ.

ರಾತ್ರಿಯಿಡೀ ಬಿತ್ತರಿಸುವ ಪ್ರಸಾರಕ್ಕೆ ಕೊನೆಯಲ್ಲಿ ಇನ್ನೊಂದು ಬೇಡಿಕೆ ಎದುರಾಗುತ್ತದೆ. ಮಂಗಳದ ಪದ ಹಾಡುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿಯುತ್ತಿರುತ್ತದೆ. ರಾತ್ರಿಯ ದೀಪದ ಹಳದಿಗೆ ಹೊಂದಿಸಿಟ್ಟ ಕ್ಯಾಮೆರಾ ಹಗಲಿನ ಬೆಳಕನ್ನು ನೀಲಿಯಾಗಿ ತೋರಿಸತೊಡಗುತ್ತದೆ, ಬಳಲಿದ ಮುಖಗಳ ಮೇಲಿನ ಬಣ್ಣ ಬೆವರಿನೊಡನೆ ಇಳಿದಿರುತ್ತದೆ. ಆ ಕೊನೆಯ ಗಳಿಗೆಯಲ್ಲಿ ಕ್ಯಾಮೆರಾದವರು ಬಣ್ಣದ ಹೊಂದಾಣಿಕೆಯನ್ನು ಒಮ್ಮೆಲೇ ಬದಲಿಸದೆ, ಪದದ ಚರಣಗಳೊಡನೆ ಸ್ವಲ್ಪಸ್ವಲ್ಪವಾಗಿ ಸರಿಸುತ್ತ ಬರಬೇಕು, ಹಿಮ್ಮೇಳದವರು ಮದ್ದಲೆಯ ಲಯವನ್ನು ಇಳಿಸುತ್ತ ಬರುವ ಹಾಗೆ.